ಬೇಡುವ ವಯಸ್ಸು

ಹೊಸದಕ್ಕೆ ಕೈ ಹಾಕಬೇಡ ಎಂದಳು ದೇಚಮ್ಮ,
ಬೀರುವಿನ ತಳದಿಂದ
ಬಣ್ಣ ಹೋದ ನೈಟಿಯೊಂದನ್ನು ಎಳೆದು ಎಸೆದಳು.
ನೇರಳೆ ಹೂ. ಕಂಕುಳಲ್ಲಿ ಹರಿದಿದೆ.
ನನ್ನ ಹೊಟ್ಟೆಗೆ ಅದೇ ಸರಿ.

ಬೋಡು ನಮ್ಮೆಯ ರಾತ್ರಿ.
ನಮ್ಮೂರಲ್ಲಿ ಇವತ್ತು ಬೇಡಿದರೆ ಅವಮಾನವಿಲ್ಲ,
ಕೊಡದಿದ್ದರೆ ಉಂಟು.
ಬಾಣಲೆಯ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ
ಕತ್ತಿಗೆ, ಕಿವಿಗೆ, ಮೊಣಕೈವರೆಗೆ.
ಸೊಂಟಕ್ಕೆ ಒಣಗಿದ ಬಾಳೆ ಎಲೆ.
ಮುಖಕ್ಕೆ ಹಾಳೆಯ ಮುಖವಾಡ,
ಕಣ್ಣಿಗೆರಡು ತೂತು, ಬಾಯಿಗೊಂದು.
ಕನ್ನಡಕ ಒಳಗೇ ಇಡಬೇಕಾಯಿತು, ಏನು ಮಾಡುವುದು.

ಅಂಬಲದ ಹತ್ತಿರ ಹುಡುಗರು ಸೇರಿದ್ದರು.
ನಾಚಪ್ಪ (ಪೊನ್ನಂಪೇಟೆ ಕಾಲೇಜಿನಲ್ಲಿ ಎರಡನೇ ವರ್ಷ,
ಬರಬೇಕೋ ಬೇಡವೋ ಎಂದು ಮೀಸೆ ಇನ್ನೂ ಯೋಚಿಸುತ್ತಿದೆ)
ಮರ್ಯಾದೆಯಿಂದಲೇ ಹೇಳಿದ:
ಅಂಕಲ್, ಐವತ್ತು ದಾಟಿದವರು ಮನೆಯಲ್ಲಿದ್ದರೆ ಒಳ್ಳೆಯದಿತ್ತು,
ಬಾಗಿಲು ತೆರೆಯುವವರೂ ಬೇಕಲ್ಲ.
ಹೋದ ವರ್ಷ ಪೆಮ್ಮಯ್ಯ ಗದ್ದೆಯ ಏರಿಯಲ್ಲಿ ಜಾರಿ
ಸೀರೆ ಸಮೇತ ಆಸ್ಪತ್ರೆ ಸೇರಿದ್ದು,
ನರ್ಸು ರಿಜಿಸ್ಟರಿನಲ್ಲಿ ‘ಹೆಣ್ಣು’ ಅಂತ ಬರೆದದ್ದು
ಅವನು ಹೇಳಲಿಲ್ಲ. ಎಲ್ಲರೂ ನೆನೆದರು.

ನಾನು ಯಾರು ಅಂತ ನಿನಗೆ ಹೇಗೆ ಗೊತ್ತೋ?
ಕೇಳಿದೆ, ಹೆಣ್ಣುದನಿ ತೆಗೆದು.
ಮಂಡಿ ಲಟಕ್ಕೆಂದಿತು, ಅಂಕಲ್.

ಎಷ್ಟಕ್ಕೆ ಬಿಡಬೇಕು?
ಹಾಲುಹಲ್ಲು ಬೀಳುವಾಗ ಹಿಡಿದದ್ದು.
ಗಂಟಲು ಒಡೆದಾಗ ಬಿಡು ಅಂದರು,
ಮದುವೆಯಾದಾಗ ಅಂದರು, ಬ್ಯಾಂಕು ಸೇರಿದಾಗಂತೂ.
ಮೂವತ್ತಮೂರು ವರ್ಷ ಗಾಜಿನ ಹಿಂದೆ ಕೂತು
ಎಣಿಸಿ ಎಣಿಸಿ ಕೊಟ್ಟವನು ನಾನು;
ಅರ್ಧಚಂದ್ರದ ಕಿಂಡಿಯಿಂದ ಒಳಗೆ ಬರುತ್ತಿದ್ದದ್ದು
ಬರೀ ಕೈ. ಹಾಗೆ ಚಾಚಿ ನಿಲ್ಲುವುದು ಹೇಗಿರುತ್ತದೆಂದು
ವರ್ಷಕ್ಕೊಂದು ರಾತ್ರಿಯಾದರೂ ತಿಳಿಯಬೇಡವೆ...
ಹೀಗೊಂದು ಭಾಷಣ ತಯಾರಾಗಿತ್ತು.
ಹುಡುಗರು ಆಗಲೇ ಗೇಟು ದಾಟಿದ್ದರು.
ಹಿಂದಿನಿಂದ ನಾನು, ನೈಟಿ ಎತ್ತಿ ಹಿಡಿದುಕೊಂಡು.

ಮೊದಲ ಮನೆ ಹೋಮ್‌ಸ್ಟೇ.
ಚಿಲ್ಲರೆ ಇಲ್ಲ, ಫೋನ್‌ಪೇ ಉಂಟಾ?
ಉಂಟು ಎಂದುಬಿಟ್ಟೆ, ಬುದ್ಧಿ ಇಲ್ಲದೆ.
ಅವನ ಪರದೆಯ ಮೇಲೆ ನನ್ನ ಹೆಸರು ಮೂಡಿತು,
ಮಸಿ ಇಲ್ಲದೆ, ಬಾಳೆ ಎಲೆ ಇಲ್ಲದೆ.
ಅಯ್ಯೋ, ಉತ್ತಯ್ಯ ಸಾರ್!
ಹತ್ತು ಕೊಡುವಲ್ಲಿ ಐನೂರು ಕೊಟ್ಟ.
ಒಳಗಿನಿಂದ ಕುರ್ಚಿ ತರಿಸಿದ.

ಬೇಡುವವನಿಗೆ ಕುರ್ಚಿ ಬಂತೆಂದರೆ
ಆಟ ಮುಗಿಯಿತು.
ಕೂತೆ ಕೂಡ. ಮಂಡಿ ಒಪ್ಪಿತು.

ಆಮೇಲಿನ ಆರು ಮನೆ ಹಿಂದೆಯೇ ನಿಂತೆ,
ಡಬ್ಬ ಬಡಿಯುವ ಪುಟ್ಟನ ಪಕ್ಕ.
ಏಳನೆಯದು ಬೊಳ್ಳವ್ವನದು.
ಕಣ್ಣಿಗೆ ಪೊರೆ, ಕಿವಿ ಮಾತ್ರ ಚುರುಕು,
ಹತ್ತರ ನೋಟುಗಳು ಎಲೆಯಡಿಕೆ ಚೀಲದಲ್ಲಿ ಸುರುಳಿ.
ಒಬ್ಬೊಬ್ಬರ ಗಲ್ಲ ಹಿಡಿದು ಕೇಳಿಯೇ ಕೊಡುವುದು,
ಅದು ಅವಳ ಸುಂಕ.
ನನ್ನ ಹಾಳೆಯ ಅಡಿಗೆ ಬೆರಳು ತೂರಿಸಿದಳು,
ನೆರೆತ ಗಡ್ಡದ ಮೇಲೆ ಅದು ಒಂದು ಗಳಿಗೆ ನಿಂತಿತು.
ಯಾರ ಮಗನೋ ನೀನು?

ಮೂವತ್ತು ವರ್ಷದಿಂದ ಈ ಊರು ಕೇಳುವುದು
ನಾನು ಯಾರ ಅಪ್ಪ ಎಂದು.
ವೇಷ ಹಾಕಿದವನು ಹೆಸರು ಹೇಳಬಾರದು, ನಿಯಮ.
ಹೇಳಲೂ ಆಗುತ್ತಿರಲಿಲ್ಲ.
ಹುಡುಗರೆಲ್ಲ ಸುಮ್ಮನಾದರು. ನಾಚಪ್ಪನೂ.

ಕೆಮ್ಮು ಬಂತು ಅಷ್ಟರಲ್ಲಿ.
ಹೂಂ, ಎಂದಳು ಬೊಳ್ಳವ್ವ. ನಿನ್ನ ಅಪ್ಪನೂ ಹೀಗೇ
ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ,
ಎಪ್ಪತ್ತಾಗಿತ್ತು, ನಾಚಿಕೆ ಇರಲಿಲ್ಲ.
ಹತ್ತರ ನೋಟು ಅಂಗೈಗೆ ಒತ್ತಿ
ಮಸಿಯಾದ ಕೈಯನ್ನು
ನನ್ನ ನೈಟಿಗೇ ಒರೆಸಿದಳು.

ಮರುದಿನ ದೇಚಮ್ಮ ಅದನ್ನು ಎರಡು ಸಲ ಒಗೆದು
ಮಡಚಿ ಕೆಳಗಿನ ಖಾನೆಯಲ್ಲೇ ಇಟ್ಟಳು.
ಬರುವ ವರ್ಷಕ್ಕಲ್ಲ, ನೆಲ ಒರೆಸಲಿಕ್ಕೆ, ಎಂದಳು.
ನಾನು ಕಿವಿಯ ಮಸಿ ತೆಗೆಯುತ್ತಿದ್ದೆ,
ಕೇಳಿಸಲಿಲ್ಲ.